ಅಳಿಸಿದ ಮೇಲೂ ನನ್ನಲ್ಲಿದ್ದ ಕಾಗದ

ನಾನು ಒಂದು ಹಾರ್ಡ್ ಡಿಸ್ಕ್. ಕಂಪ್ಯೂಟರಿನ ನೆನಪಿನ ಪೆಟ್ಟಿಗೆ ಎಂದರೆ ಬೇಗ ಅರ್ಥವಾದೀತು. ಅಂಗೈಯಷ್ಟು ಅಗಲ, ಒಳಗೆ ಫಳಫಳ ಹೊಳೆಯುವ ಎರಡು ತಟ್ಟೆ, ಅವುಗಳ ಮೇಲೆ ಓಡಾಡಿ ಬರೆಯುವ ಒಂದು ಸಣ್ಣ ಕೈ. ಧೂಳಿನ ಕಣವೂ ಇಲ್ಲದ ಕೋಣೆಯಲ್ಲಿ ನನ್ನನ್ನು ಜೋಡಿಸಿದರು. ಜೋಡಿಸಿದವರ ಮುಖ ನಾನು ಕಂಡಿಲ್ಲ. ಕಣ್ಣು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಕೊಂಡಿದ್ದರು. ಅಷ್ಟು ಮಡಿಯಲ್ಲಿ ಹುಟ್ಟಿದ ನನ್ನನ್ನು ತಂದು ಹಾಕಿದ್ದು ಎಲ್ಲಿಗೆ? ಉಡುಪಿಯ ಉತ್ತರಕ್ಕಿರುವ ಒಂದು ಸಣ್ಣ ಬಂದರಿನ ಮೀನುಗಾರರ ಸಹಕಾರಿ ಸಂಘಕ್ಕೆ. ಅಲ್ಲಿ ಗಾಳಿಯಲ್ಲಿ ಉಪ್ಪು, ಮೇಜಿನಲ್ಲಿ ಒಣಮೀನಿನ ವಾಸನೆ, ನಾನಿದ್ದ ಡಬ್ಬದೊಳಗೆ ಹಲ್ಲಿಯ ಸಂಸಾರ.

ನನ್ನ ಸ್ವಭಾವದ ಒಂದು ಗುಟ್ಟು ಹೇಳಿಬಿಡುತ್ತೇನೆ. ಅಳಿಸು ಎಂದರೆ ನಾನು ಅಳಿಸುವುದಿಲ್ಲ. ಪಟ್ಟಿಯಿಂದ ಹೆಸರು ತೆಗೆಯುತ್ತೇನೆ, ಅಷ್ಟೆ. ಬರಹ ಇದ್ದಲ್ಲೇ ಇರುತ್ತದೆ. ಮುಂದೆ ಎಂದಾದರೂ ಅದರ ಮೇಲೆ ಇನ್ನೊಂದು ಬರಹ ಬಿದ್ದರೆ ಮಾತ್ರ ಅದು ಹೋಯಿತು. ಹಾಗಾಗಿ ನನ್ನ ಮೈಯಲ್ಲಿ ಹೆಸರು ಕಳೆದುಕೊಂಡವರು ಬಹಳ ಮಂದಿ. ಕರೆದರೆ ಓಗೊಡಲಾರರು, ಎದ್ದು ಹೋಗಲಾರರು. ನನ್ನ ತಟ್ಟೆ ತಿರುಗುವಾಗ ಅವರೂ ಸುಮ್ಮನೆ ತಿರುಗುತ್ತಿದ್ದರು.

ಸಂಘದ ಗುಮಾಸ್ತರು ವಾಮನ ಶೇರಿಗಾರರು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಸವೆದು ಬಂದವರು. ಅಲ್ಲಿ ಅವರ ಮೇಜಿನ ಕೆಳಗೊಂದು ಬೆತ್ತದ ಬುಟ್ಟಿ ಇತ್ತಂತೆ. ಕೆಲಸ ಮುಗಿದ ಕಾಗದವನ್ನು ಅದಕ್ಕೆ ಹಾಕುವುದು, ಜವಾನ ಬಂದು ಕೆಂಪು ಬಟ್ಟೆಯಲ್ಲಿ ಕಟ್ಟಿ ದಾಖಲೆ ಕೋಣೆಯಲ್ಲಿಡುವುದು. ಬೇಕೆಂದಾಗ ಕಟ್ಟು ಬಿಚ್ಚಿದರೆ ಕಾಗದ ಸಿಗಲೇಬೇಕು. ಇಲ್ಲಿ ಈಮೇಲ್ ನೋಡುವ ಪರದೆಯ ಮೂಲೆಯಲ್ಲೂ ಒಂದು ಬುಟ್ಟಿಯ ಚಿತ್ರ ಕಂಡಾಗ ಅವರಿಗೆ ಹೋದ ಜೀವ ಬಂದಂತಾಯಿತು. ಬಂದ ಈಮೇಲನ್ನು ಓದುವುದು, ಬುಟ್ಟಿಗೆ ಹಾಕುವುದು. ಬೇಕಾದಾಗ ಬುಟ್ಟಿ ತೆರೆದು ಹುಡುಕುವುದು. ಸಿಗುತ್ತಿತ್ತು. ಸಿಗುತ್ತಿರುವಷ್ಟು ಕಾಲ ಅದು ತಪ್ಪೆಂದು ಯಾರಿಗೆ ಗೊತ್ತಾಗಬೇಕು?

ಸಂಘದ ಚಪ್ಪರದಲ್ಲಿ ಬಲೆ ಹೆಣೆಯುತ್ತಿದ್ದವಳು ಜಲಜಕ್ಕ. ಅವಳ ತಮ್ಮ ಪುರಂದರ ಒಂದು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಅಪ್ಪ ಅಮ್ಮ ಇಲ್ಲದ ಹುಡುಗನನ್ನು ಎತ್ತಿ ಆಡಿಸಿದವಳು ಅವಳೇ. ಅವಳಿಗೆ ಬರೆಯಬೇಕೆಂದರೆ ಅವನು ಸಂಘದ ವಿಳಾಸಕ್ಕೆ ಈಮೇಲ್ ಕಳಿಸುತ್ತಿದ್ದ. ಅವಳು ಬಲೆಯ ದಾರ ಕೊರಳಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಶೇರಿಗಾರ್ರೇ, ನಮ್ಮವನದ್ದು ಕಾಗದ ಬಂದಿದೆಯಾ?"

"ಬಂದಿದೆ ಮಾರಾಯ್ತಿ, ಒಳಗೆ ಬಾ. ನಿನ್ನ ತಮ್ಮನಿಗೆ ಅಲ್ಲಿ ಊಟದ್ದೇ ಚಿಂತೆ."

ಅವನ ಈಮೇಲುಗಳೆಲ್ಲ ನನ್ನೊಬ್ಬನಲ್ಲೇ ಇದ್ದವು. ಒಮ್ಮೆ ಇಲ್ಲಿಗೆ ಇಳಿದ ಮೇಲೆ ಹೊರಗೆ ಎಲ್ಲೂ ಪ್ರತಿ ಉಳಿಯದಂತೆ ಆ ವ್ಯವಸ್ಥೆ ಇತ್ತು.

ಕ್ರಮೇಣ ಕಂಪ್ಯೂಟರು ತೆವಳತೊಡಗಿತು. ರಿಪೇರಿಯವನೊಬ್ಬ ಬಂದ. "ಬುಟ್ಟಿ ತುಂಬಿ ಹೋಗಿದೆ ಸರ್. ಇನ್ನು ಕಂಪ್ಯೂಟರು ಮುಚ್ಚುವಾಗ ಅದಾಗಿಯೇ ಖಾಲಿ ಆಗ್ತದೆ, ಹಾಗೆ ಮಾಡಿದ್ದೇನೆ" ಎಂದ.

"ಖಾಲಿ ಆದದ್ದು ಎಲ್ಲಿಗೆ ಹೋಗ್ತದೆ?" ಎಂದು ಶೇರಿಗಾರರು ಕೇಳಿದರು.

"ಎಲ್ಲಿಗೆ ಹೋಗ್ತದೆ? ಒಳಗೇ ಇರ್ತದೆ" ಎಂದು ನಗುತ್ತ ಬೈಕು ಹತ್ತಿದ. ಶೇರಿಗಾರರು ಅದನ್ನು ದಾಖಲೆ ಕೋಣೆ ಎಂದು ತಿಳಿದು ನೆಮ್ಮದಿಯಾದರು. ಅವನು ಹೇಳಿದ್ದು ಸುಳ್ಳೇನಲ್ಲ ಎಂಬುದೇ ನನಗೆ ಇಂದಿಗೂ ಮೈ ನಡುಗಿಸುವ ಸಂಗತಿ.

ಮರುವಾರ ಸಂಘದ ಚುನಾವಣೆ. ಇಪ್ಪತ್ತೆಂಟು ಈಮೇಲು ಒಟ್ಟಿಗೆ ಇಳಿದವು. ಅವುಗಳಲ್ಲಿ ಪುರಂದರನದೂ ಒಂದಿತ್ತು. ಶೇರಿಗಾರರು ಯಾವುದು ಯಾರದೆಂದು ನೋಡಲಿಲ್ಲ. ನಾಳೆ ಬುಟ್ಟಿಯಿಂದ ತೆಗೆದು ಓದಿದರಾಯಿತೆಂದು ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಿ ಕಂಪ್ಯೂಟರು ಮುಚ್ಚಿದರು. ನಾನು ಇಪ್ಪತ್ತೆಂಟು ಹೆಸರು ತೆಗೆದೆ. ಮರುದಿನ ಬುಟ್ಟಿ ಬರಿದಾಗಿತ್ತು. ಎಲ್ಲವೂ ಚುನಾವಣೆಯ ಕಾಗದ, ದಾಖಲೆ ಕೋಣೆ ಸೇರಿತೆಂದು ಶೇರಿಗಾರರು ಬಿಟ್ಟುಬಿಟ್ಟರು. ಜಲಜಕ್ಕ ಬಾಗಿಲಲ್ಲಿ ನಿಂತು ಕೇಳಿದಾಗ, "ಬರ್ಲಿಲ್ಲ ಮಾರಾಯ್ತಿ" ಎಂದರು. ಆ ಕಾಗದ ಮೇಜಿನ ಕೆಳಗೆ ಅವರ ಮೊಣಕಾಲಿಗೆ ತಾಗಿಕೊಂಡಿದ್ದ ಡಬ್ಬದಲ್ಲಿ, ನನ್ನೊಳಗೆ ತಿರುಗುತ್ತಿತ್ತು.

ಒಂಬತ್ತು ದಿನ ಬಿಟ್ಟು ಹಡಗಿನವರ ಈಮೇಲ್ ಬಂತು. ಪುರಂದರ ಸಮುದ್ರಕ್ಕೆ ಬಿದ್ದಿದ್ದಾನೆ, ದೇಹ ಸಿಕ್ಕಿಲ್ಲ. ಶೇರಿಗಾರರು ಅದನ್ನು ಅವಳಿಗೆ ಓದಿ ಹೇಳಿದರು. ಜಲಜಕ್ಕ ಅಳಲಿಲ್ಲ. "ಅವ ಬೀಳುವವ ಅಲ್ಲ" ಎಂದಳು. ಏಳು ವರ್ಷ ಅದೊಂದೇ ಮಾತು. ಬಿದ್ದನೋ, ಯಾರಾದರೂ ದೂಡಿದರೋ, ತಾನೇ ಹಾರಿದನೋ? ಅದು ತಿಳಿಯದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಬಾಗಿಲಿಗೆ ಬಂದು ಕಾಗದ ಕೇಳುವುದನ್ನೂ ಅವಳು ಬಿಡಲಿಲ್ಲ.

ಏಳನೆಯ ಮಳೆಗಾಲಕ್ಕೆ ಅವಳ ಮನೆಯ ಗೋಡೆ ಕುಸಿಯಿತು. ಜಾಗ ಅಕ್ಕ ತಮ್ಮ ಇಬ್ಬರ ಹೆಸರಿನಲ್ಲಿತ್ತು. ಕಟ್ಟಿಸಬೇಕಾದರೆ ಅವನ ಸಹಿ ಬೇಕು, ಇಲ್ಲವೇ ಅವನು ಸತ್ತದ್ದಕ್ಕೆ ಕೋರ್ಟಿನ ಕಾಗದ ಬೇಕು. ಅವಳು ನನ್ನೆದುರಿನ ಕುರ್ಚಿಯಲ್ಲಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಕೋರ್ಟಿಗೆ ಬರೆಯಿರಿ ಎಂದು ಹೇಳಿದಳು. ಶೇರಿಗಾರರು ಅವಳ ಹೆಸರಿನಲ್ಲಿ ಅರ್ಜಿ ಬರೆದು ವಕೀಲರಿಗೆ ಈಮೇಲ್ ಮಾಡಿದರು. ಅದನ್ನು ಬರೆದುಕೊಳ್ಳಲು ನಾನು ಜಾಗ ಹುಡುಕಿದೆ. ಹೆಸರಿಲ್ಲದವರ ಜಾಗ ನಮ್ಮ ಕುಲದಲ್ಲಿ ಖಾಲಿ ಜಾಗ. ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಅದು ಹೋಗಿ ಒಂದು ಕಡೆ ಬರೆಯಿತು.

ಕೋರ್ಟು ಪುರಂದರ ಸತ್ತನೆಂದಿತು. ಗೋಡೆ ಎದ್ದಿತು. ಎರಡು ವರ್ಷದ ಮೇಲೆ ಅದೇ ಹಡಗಿನಲ್ಲಿದ್ದ ಇಸ್ಮಾಯಿಲ್ ಎಂಬವನು ಊರಿಗೆ ಮರಳಿ, ಜಲಜಕ್ಕನನ್ನು ಹುಡುಕಿಕೊಂಡು ಬಂದ. ಕಾಣೆಯಾಗುವ ಹಿಂದಿನ ದಿನ ಪುರಂದರ ಅಕ್ಕನಿಗೆ ಉದ್ದದ ಈಮೇಲ್ ಬರೆದದ್ದನ್ನು ಅವನು ಪಕ್ಕದಲ್ಲೇ ನಿಂತು ನೋಡಿದ್ದ, ಏನು ಬರೆದನೆಂದು ಓದಿರಲಿಲ್ಲ.

ಜಲಜಕ್ಕ ನಡುಮಧ್ಯಾಹ್ನ ಓಡಿಬಂದಳು. "ಶೇರಿಗಾರ್ರೇ, ಹಳೇದೆಲ್ಲ ತೆಗೀರಿ."

ಶೇರಿಗಾರರು ಬುಟ್ಟಿ ತೆರೆದರು. ಏನಿಲ್ಲ. ಬೇರೆ ಕಡೆ ನೋಡಿದರು. ಅಲ್ಲೂ ಇಲ್ಲ. "ಒಳಗೆ ಉಂಟು ಅಂದಿದ್ದ, ಒಳಗೆ ಉಂಟು ಅಂದಿದ್ದ" ಎಂದು ಹತ್ತು ಸಲ ಹೇಳಿದರು. ಕೊನೆಗೆ ಉಡುಪಿಗೆ ಫೋನು ಮಾಡಿದರು. ಅವರ ಮುಖ ಸುಣ್ಣದಂತಾಗಿತ್ತು.

ಉಡುಪಿಯಿಂದ ಫ್ಲೇವಿಯಾ ಬಾಯಿ ಬಂದರು. ಕಳೆದ ಕಡತ ಹುಡುಕಿ ಕೊಡುವುದೇ ಅವರ ಕಸುಬು. ನನ್ನನ್ನು ಡಬ್ಬದಿಂದ ಕಳಚಿ ತಮ್ಮ ಯಂತ್ರಕ್ಕೆ ಜೋಡಿಸಿದರು. "ಮೇಲೆ ಬೇರೆ ಎಂತದೂ ಬೀಳದಿದ್ರೆ ಸಿಗ್ತದೆ ಜಲಜಕ್ಕ. ಬಿದ್ದಿದ್ರೆ ದೇವರೇ ಗತಿ" ಎಂದರು. ಪಟ್ಟಿಯನ್ನು ಬದಿಗಿಟ್ಟು ನನ್ನ ಮೈಯನ್ನು ಮೂಲೆಮೂಲೆಯಿಂದ ಓದತೊಡಗಿದರು. ಹೆಸರಿಲ್ಲದವರು ಒಬ್ಬೊಬ್ಬರಾಗಿ ಎದ್ದರು. ತೀರಿಹೋದ ಅಧ್ಯಕ್ಷರ ವಂದನಾರ್ಪಣೆ ಅರ್ಧಕ್ಕೆ ನಿಂತು ಚಂಡಮಾರುತದ ಎಚ್ಚರಿಕೆಯಾಗಿ ಮುಂದುವರಿಯಿತು. ಯಾರದೋ ಮದುವೆಯ ಕರೆಯೋಲೆಗೆ ಐಸ್ ಪ್ಲಾಂಟಿನ ದೂರು ಅಂಟಿಕೊಂಡಿತ್ತು. ಅವರಿಗೆಲ್ಲ ತಾವು ಎಲ್ಲಿ ಮುಗಿದೆವೆಂಬುದೇ ತಿಳಿದಿರಲಿಲ್ಲ. ನನಗೆ ಭಯವಾಯಿತು. ಇಷ್ಟು ದಿನ ನಾನು ಹೊತ್ತಿದ್ದು ಇವರನ್ನೇ?

ಆಮೇಲೆ ಪುರಂದರ ಬಂದ.

ಜಲಜಕ್ಕ ಯಾರನ್ನೂ ಓದಗೊಡಲಿಲ್ಲ. ಪರದೆಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ತಾನೇ ಓದಿದಳು.

"ಅಕ್ಕಾ, ಇಲ್ಲಿ ಎಂಜಿನ್ ಕೋಣೆಯಲ್ಲಿ ಒಬ್ಬನನ್ನು ಹೊಡೆದು ಸಾಯಿಸಿದರು. ಜಾರಿ ಬಿದ್ದ ಎಂದು ಬರೆದುಕೊಂಡರು. ನಾನು ನೋಡಿದ್ದೇನೆ, ನಾನು ನೋಡಿದ್ದು ಅವರಿಗೂ ಗೊತ್ತು. ಬಂದರು ಬಂದ ಕೂಡಲೇ ಇಳಿದು ಓಡಿಹೋಗುತ್ತೇನೆ. ನಾನು ಸಮುದ್ರಕ್ಕೆ ಬಿದ್ದೆ ಅಂತ ನಿನಗೆ ಹೇಳಿಯಾರು. ನಂಬಬೇಡ. ಒಳನಾಡಿನಲ್ಲಿ ನಮ್ಮ ಕಡೆಯವರ ಒಂದು ಅಂಗಡಿ ಉಂಟು, ಅಲ್ಲಿರುತ್ತೇನೆ. ನಿನ್ನ ಉತ್ತರ ಬರುವ ತನಕ ಅಲ್ಲಿಂದ ಕದಲುವುದಿಲ್ಲ. ಆ ಊರಿನ ಹೆಸರು ಸದರಿ ವ್ಯಕ್ತಿಯು ಏಳು ವರ್ಷಗಳಿಂದ ಜೀವಂತವಿರುವ ಬಗ್ಗೆ ಯಾವ ಮಾಹಿತಿಯೂ ಇಲ್ಲವಾದ್ದರಿಂದ ಮೃತನೆಂದು ಘೋಷಿಸಬೇಕಾಗಿ ಕೋರುತ್ತೇನೆ. ಇಂತಿ, ಜಲಜಾಕ್ಷಿ."

ತನ್ನ ಹೆಸರು ಬರುವವರೆಗೂ ಅವಳು ಅದೇ ಧ್ವನಿಯಲ್ಲಿ ಓದಿದ್ದಳು. ಆಮೇಲೆ ಬೆರಳು ತೆಗೆದಳು.

"ಇದು ನನ್ನ ಮಾತಲ್ವಾ?" ಎಂದಳು.

ಶೇರಿಗಾರರು ಬಾಗಿಲ ಹೊರಗೆ ಹೋಗಿ ಗೋಡೆ ಹಿಡಿದು ನಿಂತರು. ಫ್ಲೇವಿಯಾ ಬಾಯಿ ಇನ್ನೂ ಎರಡು ದಿನ ಹುಡುಕಿದರು. ಪುರಂದರನ ಹಳೆಯ ವಿಳಾಸಕ್ಕೆ ಕಳಿಸಿದ ಈಮೇಲು, ಅಂಥ ವಿಳಾಸವೇ ಇಲ್ಲವೆಂದು ಹಿಂದಿರುಗಿತು.

ನನ್ನ ಕೈ ಈಗ ಸೆಟೆದುಕೊಂಡಿದೆ. ಸಂಘಕ್ಕೆ ಹೊಸ ಕಂಪ್ಯೂಟರು ಬಂತು, ನನ್ನನ್ನು ಜಲಜಕ್ಕ ಬೇಡಿ ತಂದಳು. ಅವಳ ಹೊಸ ಗೋಡೆಯ ಗೂಡಿನಲ್ಲಿ ನನ್ನ ವಾಸ. ಆ ಹಡಗು ಆ ತಿಂಗಳು ಮುಟ್ಟಿದ ದೇಶಗಳ ಒಳನಾಡಿನ ಊರುಗಳನ್ನೆಲ್ಲ ಫ್ಲೇವಿಯಾ ಬಾಯಿ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಸಂಜೆ ಕೆಲಸ ಮುಗಿಸಿ ಬಂದು ಅವಳು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಾಳೆ.

"ನಕುರು... ಮೊರೊಗೊರೊ... ದೊದೊಮಾ... ನಂಪುಲಾ..."

ಒಂದೊಂದು ಹೆಸರಾದ ಮೇಲೂ ನನ್ನನ್ನು ಎತ್ತಿ ಕಿವಿಗೆ ಒತ್ತಿ ಹಿಡಿಯುತ್ತಾಳೆ. ಉಸಿರು ಬಿಗಿಹಿಡಿದು ಕೇಳುತ್ತಾಳೆ. ಅವುಗಳಲ್ಲಿ ಯಾವುದೋ ಒಂದು ಸರಿಯಾದದ್ದೇ ಇದ್ದೀತು. ಕೇಳಿದರೂ ನನಗೆ ಗುರುತು ಸಿಗುವುದಿಲ್ಲ. ಏಳು ವರ್ಷ ಆ ಹೆಸರು ನನ್ನಲ್ಲಿತ್ತು, ಆಗ ನನ್ನನ್ನು ಯಾರೂ ಕೇಳಲಿಲ್ಲ.