ಕೈಬಲೆಯಲ್ಲಿ ದೊರೆಯ ಖ್ವಾನ್

ನಮ್ಮ ದೊರೆಗೆ ಎದೆಹಾಲು ಕೊಟ್ಟು ಸಾಕಿದವಳು ನಾನು. ದೆವ್ವಗಳ ಕಣ್ಣು ಬೀಳದಿರಲಿ ಎಂದು 'ಕಪ್ಪೆ' ಎಂದು ಹೆಸರಿಟ್ಟವಳೂ ನಾನೇ. ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಸಯಾಮಿನವರು ಅವನನ್ನು ಒತ್ತೆಯಾಳಾಗಿ ಎಳೆದೊಯ್ದರು. ಗಂಡಸಾದ ಮೇಲೆ ಅವರೇ ಕಿರೀಟ ಇಟ್ಟು ವಾಪಸ್ ಕಳಿಸಿದರು. ಏನು ಕಳಿಸಿದರೋ, ಕರ್ಮ! ಬಂದದ್ದು ಬರೀ ಮೈ. ಮದುವೆಯಾಯಿತು, ಮಗಳು ಹುಟ್ಟಿದಳು. ಅವನು ಮಾತ್ರ ನದಿಯ ಮಂಜು ನೋಡುತ್ತ ಕೂರುವನು, ಏನು ಕೇಳಿದರೂ "ಹೂಂ" ಎನ್ನುವನು.

ಸಯಾಮಿಗೆ ಕಪ್ಪ ಒಯ್ಯುವ ದೋಣಿ ಬಂತು. ಕಪ್ಪಕ್ಕೆಂದು ಮಾಡಿಸಿದ ಚಿನ್ನದ ಮರ, ಬೆಳ್ಳಿಯ ಮರ ಏರಿಸಿದ್ದಾಯಿತು. "ಈ ಸಲ ಮಗಳು ಚಂಪಿಯನ್ನೂ ಕಳಿಸಬೇಕು" ಎಂದ ಸಯಾಮಿನ ಅಧಿಕಾರಿ.

ದೊರೆ ಅದಕ್ಕೂ "ಹೂಂ" ಎಂದ.

ನಮ್ಮಲ್ಲಿ ಮಗು ಬೆಚ್ಚಿಬಿದ್ದರೆ ಅದರ ಖ್ವಾನ್, ಅಂದರೆ ಒಳಗಿನ ಜೀವ, ಅಲ್ಲೇ ಉದುರುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಇವನದು ಎಲ್ಲಿ ಉದುರಿತ್ತೆಂದು ನನಗೆ ಗೊತ್ತಿತ್ತು. ಅದನ್ನು ಕರೆದು ಗೋರಿಕೊಳ್ಳಲು ಕೈಬಲೆ, ಬೇಯಿಸಿದ ಮೊಟ್ಟೆ, ಅಂಟಕ್ಕಿ ಅನ್ನದ ಉಂಡೆ ಹಿಡಿದು, ಅಂದು ಅವನನ್ನು ಎಳೆದೊಯ್ದ ದೋಣಿಕಟ್ಟೆಗೆ ನಡೆದೆ.

"ಏನಜ್ಜಿ, ಸಾರಿಗೆ ಮೀನಾ?" ಅಂಬಿಗರು ನಕ್ಕರು.

"ನಿಮ್ಮ ಬಾಯಿಗೆ ಮಣ್ಣು ಹಾಕ! ದೊರೇನ ಹಿಡೀತಿದೀನಿ, ಸುಮ್ನಿರ್ರೋ!"

ಮಂಜಿನೊಳಗೆ ಬಲೆ ಆಡಿಸುತ್ತ ಕರೆದೆ. "ಬಾರೋ ಕಪ್ಪೆ, ಅನ್ನ ಆರಿಹೋಗ್ತಿದೆ. ಬಾ ಮಗಾ, ನಿನ್ನ ಮಗಳನ್ನ ಕರ್ಕೊಂಡು ಹೋಗ್ತಿದಾರೆ." ನೀರು ನಿದ್ದೆಯಲ್ಲಿ ಉಸಿರಾಡಿದಂತಾಯಿತು. ಬಲೆ ಜಗ್ಗಿತು. ನೋಡಿದರೆ ಖಾಲಿ, ಆದರೂ ಮಲಗಿದ ಕೂಸಿನಷ್ಟು ಭಾರ.

ಅರಮನೆಗೆ ಬಂದು ಅವನ ತಲೆಯ ಮೇಲೆ ಬಲೆ ಕವುಚಿದೆ, ಮುಂಗೈಗೆ ಬಿಳಿ ದಾರ ಕಟ್ಟಿದೆ, ಉಂಡೆಯನ್ನು ಅಂಗೈಯಲ್ಲಿಟ್ಟೆ. ಬೆರಳುಗಳು ಮೆಲ್ಲಗೆ ಅನ್ನ ನಾದತೊಡಗಿದವು. ಅವನ ಕಣ್ಣು ತುಂಬಿತು.

"ಅವ್ವಾ, ಅವತ್ತು ಯಾಕೆ ನನ್ನ ಕೈ ಬಿಟ್ಟೆ?"

"ಬಿಡಿಸಿದ್ರು ಕಣೋ!" ಎಂದು ಗೊಳೋ ಎಂದು ಅತ್ತೆ.

ಮರುದಿನ ಕಟ್ಟೆಯಲ್ಲಿ ಅವನು ಚಂಪಿಯ ಕೈ ಹಿಡಿದೇ ನಿಂತ. "ಮರ ತಗೊಂಡು ಹೋಗಿ. ಮಗಳು ಬರಲ್ಲ."

"ಹಾಗಾದ್ರೆ ಒತ್ತೆಗೆ ಯಾರು ಬರ್ತಾರೆ, ದೊರೆಗಳೇ?" ಅಧಿಕಾರಿ ಕೊಂಕು ನುಡಿದ.

ಅವನು ಮಗಳ ಕೈಯನ್ನು ನನ್ನ ಕೈಗಿತ್ತು ತಾನೇ ದೋಣಿ ಹತ್ತಿದ. ಕಿರೀಟ ತೆಗೆದು ಚಿನ್ನದ ಮರದ ಕೊಂಬೆಗೆ ಸಿಕ್ಕಿಸಿದ.

ಅಯ್ಯೋ, ನಾನೇ ಕರೆತಂದು ನಾನೇ ಕಳೆದುಕೊಂಡೆನಲ್ಲ! ಉದುರಿದ್ದನ್ನಾದರೂ ಗೋರಿಕೊಳ್ಳೋಣವೆಂದು ಬಲೆ ಹಿಡಿದು ನೀರಿಗಿಳಿದೆ. ದೋಣಿ ಆಗಲೇ ಮಂಜಿನ ಅಂಚಿನಲ್ಲಿತ್ತು. ಅಲ್ಲಿಂದ ಅವನು ನಕ್ಕ, ಹಾಲುಹಲ್ಲಿನ ಕಾಲದ ಅದೇ ನಗು.

"ಬೇಡವ್ವಾ, ಮೇಲೆ ಹತ್ತು, ಶೀತ ಆಗುತ್ತೆ. ಈ ಸಲ ಏನೂ ಉದುರಿಲ್ಲ."