ಸಡಿಲ ಮೊಳೆಯ ಚಾಕು

ಕುರಿಯ ಹೊಟ್ಟೆಯಲ್ಲಿ ಚಾಕು ಇದ್ದಾಗ ಕೈ ಬಿಡಬಾರದು. ನನ್ನ ಗಂಡ ಪುಂಡಲೀಕಪ್ಪ ಇಬ್ಬರು ಮಕ್ಕಳಿಗೂ ಮೊದಲು ಕಲಿಸಿದ್ದು ಅದನ್ನೇ. ಇಬ್ಬನಿ ಕೂತ ಹಸಿ ಸೊಪ್ಪು ತಿಂದರೆ ಕುರಿ ಉಬ್ಬುತ್ತದೆ. ಎಡಗಡೆ ಪಕ್ಕೆಲುಬು ಮುಗಿದಲ್ಲಿ ಇರುವ ಕುಳಿ ಬಾರಿಸುವ ಹಲಗೆಯ ಚರ್ಮದ ಹಾಗೆ ಬಿಗಿದು ಮೇಲೆ ಬರುತ್ತದೆ. ಅಲ್ಲಿ ಚುಚ್ಚಬೇಕು. ಚುಚ್ಚಿ, ಅಲಗನ್ನು ತುಸು ಹೊರಳಿಸಿ, ಒಳಗಿನ ಗಾಳಿ ಪೂರ್ತಿ ಹೋಗುವವರೆಗೆ ಹಾಗೇ ಹಿಡಿದಿರಬೇಕು. ನಡುವೆ ಕಿತ್ತರೆ ತೂತು ಮುಚ್ಚಿಕೊಳ್ಳುತ್ತದೆ, ಕುರಿ ಸಾಯುತ್ತದೆ.

ಹೋದ ವರ್ಷ ನನ್ನ ಕಿರಿಯ ಮಗ ಬೀರಲಿಂಗ ಕೈ ಬಿಡಲಿಲ್ಲ. ಆಮೇಲೆ ಆದದ್ದೆಲ್ಲ ಅದರಿಂದಲೇ ಆಯಿತು.

ನಾವು ಮುಂಡರಗಿ ಕಡೆಯ ಕುರಿಗಾರರು. ಮುಂಗಾರಿ ಪೀಕು ಕೊಯ್ದ ಮೇಲೆ ಹಿಂಡು ಹೊಡೆದುಕೊಂಡು ಗದಗಿನ ಎರೆಹೊಲಗಳಿಗೆ ಬರುತ್ತೇವೆ. ಅಂತೂರ ಬೆಂತೂರದ ಚನ್ನಬಸವಣ್ಣ ಪ್ರತಿ ವರ್ಷ ಗೋವಿನಜೋಳ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ನಮ್ಮ ಕುರಿ ನಿಲ್ಲಿಸಿಕೊಳ್ಳುತ್ತಾನೆ. ಬದುವಿನ ಆಚೆ ಹೊನ್ನೇಶನ ಕಡಲೆ ಇತ್ತು. ಒಂದು ಬೆಳಿಗ್ಗೆ ಕುರಿಗಳ ಸುತ್ತ ಕಟ್ಟಿದ ಬಲೆ ಹರಿದು ಹತ್ತು ಹನ್ನೆರಡು ಕುರಿ ಆ ಕಡಲೆಗೆ ನುಗ್ಗಿದವು. ಮಕ್ಕಳಿಬ್ಬರೂ ಓಡಿದರು. ಹಿರಿಯವ ಕನಕರಾಜ ಕುರಿಗಳನ್ನು ಹೊರಗೆ ಅಟ್ಟುತ್ತಿದ್ದ. ಒಂದು ಗಬ್ಬದ ಕುರಿ ಆಗಲೇ ಉಬ್ಬಿ ಕಾಲು ಚಾಚಿ ಬಿದ್ದಿತ್ತು. ಬೀರಲಿಂಗ ಅದರ ಮೇಲೆ ಮೊಣಕಾಲೂರಿ ಚಾಕು ಚುಚ್ಚಿದ.

ಅಷ್ಟರಲ್ಲಿ ಹೊನ್ನೇಶ ಬಂದ. ಜೊತೆಗೆ ಇಬ್ಬರಿದ್ದರು. ಅವನ ಕೈಯಲ್ಲಿ ಸಲಿಕೆ.

ನಾನು ಒಲೆಯ ಮುಂದೆ ಇದ್ದೆ. ಕನಕರಾಜ ಕೈ ಮುಗಿದದ್ದು ಕಾಣಿಸಿತು. "ತಪ್ಪಾತ್ರಿ ಅಣ್ಣಾರ, ಬಲಿ ಹರದಿತ್ತು. ಎಷ್ಟ ಹಾಳಾಗೇತೋ ನೋಡ್ರಿ, ತುಂಬಿ ಕೊಡ್ತೇವಿ."

"ನಿಮ್ಮ ಕುರಿ ಹೊಟ್ಟಿ ತುಂಬಸಾಕ ನಾ ಬಿತ್ತೇನೇನಲೇ?" ಎಂದ ಹೊನ್ನೇಶ. ಮಾತು ಮುಗಿಯುವ ಮೊದಲೇ ಮೊದಲನೇ ಏಟು ಹೆಗಲ ಮೇಲೆ ಬಿತ್ತು. ಕನಕರಾಜ ಕುಸಿದ. ಎರಡನೆಯದು ಬೆನ್ನಿಗೆ. ಹಸಿ ಹುಣಸೆ ಬರಲಿನಿಂದ ಗೋಣಿಚೀಲ ಬಡಿದಂಥ ಸಪ್ಪಳ ನನ್ನವರೆಗೂ ಬಂತು. ನಾನು ಓಡತೊಡಗಿದೆ. ಕನಕರಾಜ ಒಮ್ಮೆ "ಬೀರ್ಯಾ!" ಎಂದು ಕೂಗಿದ. ಒಮ್ಮೆ ಮಾತ್ರ.

ಬೀರಲಿಂಗ ಅಣ್ಣನಿಂದ ಹತ್ತು ಹೆಜ್ಜೆ ದೂರದಲ್ಲಿದ್ದ. ತಲೆ ಎತ್ತಿ ನೋಡಿದ. ಕೈ ಮಾತ್ರ ಕುರಿಯ ಹೊಟ್ಟೆಯ ಮೇಲೇ ಇತ್ತು. ಗಾಳಿ ಇನ್ನೂ ಸುಯ್ಯೆನ್ನುತ್ತಿತ್ತು. ಮೂರನೆಯ ಏಟಿಗೆ ಸಲಿಕೆಯ ಅಂಚು ಕನಕರಾಜನ ಎಡಗಣ್ಣಿಗೆ ಬಡಿಯಿತು.

ಗಾಳಿ ನಿಂತ ಮೇಲೆ ಬೀರಲಿಂಗ ಚಾಕು ಕಿತ್ತುಕೊಂಡು ಎದ್ದ. ಅಷ್ಟು ಹೊತ್ತಿಗೆ ಉಳಿದಿಬ್ಬರು ಅವನನ್ನು ಹಿಂದಿನಿಂದ ಹಿಡಿದಾಗಿತ್ತು. ಹೊನ್ನೇಶ ಅವನ ಮಣಿಕಟ್ಟು ತಿರುಚಿ ಚಾಕು ಕಸಿದುಕೊಂಡ. ಗುಂಡಿ ಒತ್ತಿ ಮಡಚಿ, ಜೇಬಿಗೆ ಹಾಕಿಕೊಂಡು, ಹೊಟ್ಟೆಗೆ ಒದ್ದ.

"ಸೌತಿಕಾಯಿ ಹೆಚ್ಚಾಕ ಛಲೋ ಐತಿ," ಎಂದ.

ನಾನು ಹೋಗಿ ಮುಟ್ಟುವಾಗ ಒಬ್ಬ ಮಗ ಮುಖ ಹಿಡಿದುಕೊಂಡು ಬಿದ್ದಿದ್ದ, ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು. ಗಬ್ಬದ ಕುರಿ ಎದ್ದು ನಿಂತು, ಒಮ್ಮೆ ಮೈ ಕೊಡವಿ, ಮತ್ತೆ ಅದೇ ಕಡಲೆಗೆ ಬಾಯಿ ಹಾಕಿತು.

ಗದಗಿನ ಆಸ್ಪತ್ರೆಯಲ್ಲಿ ಕನಕರಾಜನ ಕಣ್ಣು ತೆಗೆದರು. ಪೊಲೀಸರು ಎರಡೂ ಕಡೆಯವರ ದೂರು ಬರೆದುಕೊಂಡರು. ಕನಕರಾಜನ ಹೆಂಡತಿ ಭಾಗ್ಯಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬೀರಲಿಂಗ ಚಹಾ ತಂದು ಮುಂದಿಟ್ಟಾಗ ತಲೆ ಎತ್ತಲಿಲ್ಲ.

"ಕೈಯಾಗ ಚಾಕು ಇತ್ತಲ್ಲೋ ನಿನ್ನ ಕೈಯಾಗ," ಎಂದಳು. "ಕುರಿ ಹೆಚ್ಚಾತು, ಹೌದಿಲ್ಲೋ?"

ಚಹಾ ಅಲ್ಲೇ ಕೆನೆಗಟ್ಟಿತು.

ಚಾಕಿನ ಮಾತು ಸ್ವಲ್ಪ ಹೇಳಬೇಕು. ಬೀರಲಿಂಗನದು ಗದಗಿನ ಅಂಗಡಿಯಲ್ಲಿ ಕೊಂಡದ್ದು, ಕೆಂಪು ಹಿಡಿಕೆಯದು. ಬಿಚ್ಚಿದರೆ ಗಟ್ಟಿಯಾಗಿ ನಿಲ್ಲುತ್ತಿತ್ತು, ಗುಂಡಿ ಒತ್ತದೆ ಮಡಚುತ್ತಿರಲಿಲ್ಲ. ಆರು ವರ್ಷ ಅವನ ಅಂಗೈ ತಿಕ್ಕಿ ತಿಕ್ಕಿ ಆ ಕೆಂಪು ಹಾಲು ಬೆರೆತ ಹಾಗೆ ಮಾಸಿತ್ತು. ಕತ್ತಲಲ್ಲಿ ಹತ್ತು ಚಾಕು ಇಟ್ಟರೂ ತನ್ನದನ್ನು ಮುಟ್ಟಿ ಹೇಳುತ್ತಿದ್ದ.

ನನ್ನ ಗಂಡನದು ಬೇರೆ. ಲಕ್ಷ್ಮೇಶ್ವರದ ಕಮ್ಮಾರ ಸಕ್ರಪ್ಪ ಮಾಡಿಕೊಟ್ಟದ್ದು. ಹಿಡಿಕೆ ನಮ್ಮದೇ ಟಗರಿನ ಕೊಂಬು. ಮೂವತ್ತೊಂದು ವರ್ಷ ಮಸೆದು ಮಸೆದು ಅಲಗು ಜೋಳದ ಗರಿಯ ತುದಿಯಷ್ಟು ಸಣ್ಣಗಾಗಿತ್ತು. ಅವರ ಹೆಬ್ಬೆರಳು ಕೂರುವಲ್ಲಿ ಕೊಂಬು ಸವೆದು ಕುಳಿ ಬಿದ್ದಿತ್ತು. ಅಲಗು ತಿರುಗುವ ಮೊಳೆಯೂ ಸವೆದು ಸಡಿಲಾಗಿತ್ತು. ಅಲಗಿನ ಬುಡವನ್ನು ಹೆಬ್ಬೆರಳು, ತೋರುಬೆರಳ ನಡುವೆ ಚಿವುಟಿ ಹಿಡಿದರೆ ಮಾತ್ರ ಅದು ನಿಲ್ಲುತ್ತಿತ್ತು. ಬರೀ ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಮಡಚಿ ಹಿಡಿದವರ ಬೆರಳನ್ನೇ ಕತ್ತರಿಸುತ್ತಿತ್ತು. ಒಮ್ಮೆ ಹಗ್ಗ ಕೊಯ್ಯಲು ಹೋಗಿ ನನ್ನ ಬೆರಳು ಎಲುಬಿನವರೆಗೆ ಹರಿದಿತ್ತು. ಗಾಯಕ್ಕೆ ಅರಿಸಿನ ಒತ್ತುತ್ತ ಅವರು ನಕ್ಕರು.

"ಸಕ್ರಪ್ಪನ ಕಡೆ ಬಿಗಿ ಮಾಡಿಸಬಾರದೇನ್ರಿ?" ಎಂದು ನಾನು ಬೈದೆ.

"ಬಿಗಿ ಮಾಡಿಸಿದ್ರ ಅದು ಯಾರ ಕೈಗಾದ್ರೂ ಹೋಗತೈತಿ," ಎಂದರು. "ಈಗ ನಂದ ಅದು. ಬಾ, ನಿನಗೂ ಹಿಡಿಯೂದು ಕಲಸ್ತೇನಿ."

ಹಾಗೆ ಕಲಿತೆ. ಅವರು ತೀರಿಕೊಂಡ ಮೇಲೆ ಅದು ಅಡಿಕೆ ಹೋಳು ಮಾಡಲೆಂದು ನನ್ನ ಎಲೆಯಡಿಕೆಯ ಸಂಚಿಯಲ್ಲಿ ಉಳಿಯಿತು. ಮಕ್ಕಳಿಗೆ ತಮ್ಮ ತಮ್ಮ ಚಾಕು ಇದ್ದವು. ಅಪ್ಪನದನ್ನು ಅವರು ಹಿಡಿದವರಲ್ಲ.

ಆಸ್ಪತ್ರೆಯಿಂದ ಬಂದು ಮೂರು ವಾರವಾಗಿತ್ತು. ಚನ್ನಬಸವಣ್ಣ ನಮ್ಮ ಕಡೆ ಬಂದವನು ಮಾತಿನ ನಡುವೆ ಹೇಳಿಬಿಟ್ಟ. ಹೊನ್ನೇಶ ದಿನಾ ಮುಳಗುಂದದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಆ ಕೆಂಪು ಚಾಕಿನಿಂದ ಸೌತೆಕಾಯಿ ಹೆಚ್ಚಿ ಎಲ್ಲರಿಗೂ ಹಂಚುತ್ತಾನಂತೆ. ಕುರಿ ಡಾಕ್ಟರನ ಚಾಕು ಎಂದು ಹೇಳಿ ನಗಿಸುತ್ತಾನಂತೆ.

ಬೀರಲಿಂಗ ಬಲೆಯ ಗಂಟು ಹಾಕುತ್ತಿದ್ದ. ಕೈ ನಿಂತಿತು. ಚನ್ನಬಸವಣ್ಣ ಹೋದ ಮೇಲೆ ಎದ್ದು ನನ್ನ ಮುಂದೆ ಬಂದ.

"ಯವ್ವಾ, ಅಪ್ಪನ ಚಾಕು ಕೊಡು."

"ಯಾಕ?"

"ಯಾಕಂತ ನಿನಗ ಗೊತ್ತೈತಿ."

"ಗೊತ್ತೈತಿ ಅಂತನ ಕೇಳಾಕತ್ತೇನಿ. ಕುಂಡ್ರು. ರೊಟ್ಟಿ ತಿನ್ನು ಮೊದಲ."

"ಹಿಟ್ಟ ಗಂಟಲದಾಗ ಇಳಿವಲ್ದು ಯವ್ವಾ. ಕಣ್ಣು ಮುಚ್ಚಿದ್ರ ಅಣ್ಣ ಬೀರ್ಯಾ ಅಂತಾನ."

"ಒಬ್ಬನ ಕಣ್ಣು ಹೋಗೇತಿ. ನೀ ಅವನ್ನ ಕೊಂದು ಜೈಲಿಗೆ ಹೋದ್ರ ನನಗ ಯಾರದಾರೋ? ಕಣ್ಣಿಲ್ಲದವನ ಹಿಂದ ಹಿಂಡು ಹೊಡಿಲೇನು ನಾ?"

"ನೀ ಕೊಡದಿದ್ರ ಬ್ಯಾಡ. ಕೊಡ್ಲಿ ಐತಿ."

ಕೊಡಲಿಯತ್ತ ನೋಡಿದೆ. ಜಾಲಿಯ ಟೊಂಗೆ ಕಡಿಯುವ ಕೊಡಲಿ. ಹಿಂದಿನ ದಿನವಷ್ಟೇ ಮಸೆದದ್ದು. ಅದಕ್ಕೆ ಮಡಚುವ ಮೊಳೆ ಇಲ್ಲ. ಅದು ಬಿದ್ದಲ್ಲಿ ತಲೆ ಉಳಿಯುವುದಿಲ್ಲ. ಅವನು ಆಗಲೇ ಅದರ ಕಾವಿಗೆ ಕೈ ಹಾಕಿದ್ದ.

ನಾನು ಸಂಚಿ ಬಿಚ್ಚಿದೆ.

ನಮ್ಮಲ್ಲಿ ಚಾಕನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ವೈರ ಹುಟ್ಟುತ್ತದೆ ಎನ್ನುತ್ತಾರೆ. ಕಂಬಳಿಯ ಮೇಲೆ ಇಟ್ಟೆ. ಅವನು ಎತ್ತಿಕೊಂಡು ಬಿಚ್ಚಿದ. ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಗಾಳಿಗೆ ಒಮ್ಮೆ ಚುಚ್ಚಿ ನೋಡಿದ. ಹೆಬ್ಬೆರಳು ಕುಳಿಯಲ್ಲಿ ಇರಲಿಲ್ಲ. ಹೀಗೆ ಹಿಡಿಯೋ ಎಂಬ ಮಾತು ನನ್ನ ಬಾಯಿಯವರೆಗೆ ಬಂತು. ಕೊಡಲಿಯನ್ನು ನೋಡಿ ನುಂಗಿಕೊಂಡೆ. ಬೆರಳು ಹೋದರೆ ಹೋಗಲಿ, ಮಗ ಕೊಲೆಗಾರನಾಗುವುದು ಬೇಡ ಅಂದುಕೊಂಡೆ. ಆ ಲೆಕ್ಕ ನಾನು ಬೇಕೆಂದೇ ಹಾಕಿದ್ದು. ಯಾರ ಮುಂದೆಯೂ ಅಲ್ಲ ಎನ್ನುವುದಿಲ್ಲ.

ಅವನು ಬೈಕು ಹತ್ತಿ ಹೋದ. ನಾನು ರಸ್ತೆಗೆ ಬಂದು ಮುಳಗುಂದದ ಟಂಟಂ ರಿಕ್ಷಾ ಹಿಡಿದೆ. ಅರ್ಧ ದಾರಿಯಲ್ಲಿ ಹೊಳೆಯಿತು. ಹೊನ್ನೇಶನ ಜೇಬಿನಲ್ಲಿ ಬೀರಲಿಂಗನ ಚಾಕು ಇದೆ. ಅದು ಮಡಚುವುದಿಲ್ಲ. ನನ್ನ ಮಗನ ಕೈಗೆ ಮೋಸದ ಚಾಕು ಕೊಟ್ಟು, ಗಟ್ಟಿ ಚಾಕಿನ ಮುಂದೆ ಕಳಿಸಿದ್ದೆ.

"ಜಲ್ದಿ ಹೊಡಿಯೋ ಯಪ್ಪಾ!" ಎಂದೆ ಟಂಟಂನವನಿಗೆ.

"ಮುದುಕಿಗ್ಯಾಕ ಇಷ್ಟ ಅವಸರ, ಬೀಗರ ಮದವಿ ಐತೇನು?" ಎಂದು ಅವನು ನಕ್ಕ.

ನಾನು ಇಳಿಯುವಾಗ, ಮೊದಲು ಹೊನ್ನೇಶನ ಮನೆಗೆ ಹೋಗಿ ಹುಡುಕಿ ಬಂದ ಬೀರಲಿಂಗ ಚಹಾದಂಗಡಿಯ ಮುಂದೆ ನಿಂತಿದ್ದ. ಹೊನ್ನೇಶ ಬೆಂಚಿನ ಮೇಲಿದ್ದ. ಮುಂದೆ ಪೇಪರಿನ ಮೇಲೆ ಸೌತೆಕಾಯಿ ಹೋಳು, ಉಪ್ಪು, ಖಾರ. ಕೈಯಲ್ಲಿ ಕೆಂಪು ಚಾಕು.

"ಬಂದ್ಯಾ ಕುರಿ ಡಾಕ್ಟರ?" ಎಂದ. "ಬಾ, ಸೌತಿಕಾಯಿ ತಿನ್ನು. ಅಣ್ಣಗ ಇನ್ನೊಂದು ಕಣ್ಣು ಐತೆಲ್ಲ, ದಾರಿ ಕಾಣತೈತಿ ಬಿಡು."

ಬೀರಲಿಂಗ ಅಪ್ಪನ ಚಾಕು ಬಿಚ್ಚಿದ. ಹೊನ್ನೇಶ ಅರ್ಧ ಎದ್ದಿದ್ದ, ಅಷ್ಟರಲ್ಲೇ ಮುಷ್ಟಿ ಅವನ ಹೊಟ್ಟೆಗೆ ಹೋಯಿತು. ತುದಿ ಬೆಲ್ಟಿನ ಹಿತ್ತಾಳೆ ಬಿಲ್ಲೆಗೆ ಬಡಿದು ಜಾರಿತು. ಅಲಗು ಟಕ್ಕೆಂದು ಮಡಚಿತು. ಮೈಯ ಭಾರವೆಲ್ಲ ಹಿಂದಿತ್ತು. ಬೀರಲಿಂಗ ಕೈ ಎತ್ತಿ ನೋಡಿಕೊಂಡ. ಉಂಗುರದ ಬೆರಳು, ಕಿರುಬೆರಳು ಎರಡೂ ತೊಗಲಿಗೆ ತೂಗುತ್ತಿದ್ದವು. ಏನಾಯಿತೆಂದು ಅವನಿಗೆ ತಿಳಿಯಲೇ ಇಲ್ಲ. ಚಾಕು ಕೆಳಗೆ ಬಿತ್ತು. ರಕ್ತ ಸೌತೆಕಾಯಿಯ ಮೇಲೆ ಸುರಿಯಿತು.

ಹೊನ್ನೇಶ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಗಾಯವಿಲ್ಲ. ಆಗ ಅವನ ಮುಖ ಬದಲಾಯಿತು.

"ನನಗ ಚುಚ್ತಿಯೇನಲೇ ಮಗನ?"

ಒದ್ದು ಕೆಡವಿದ. ಎದೆಯ ಮೇಲೆ ಕಾಲಿಟ್ಟು ಬಗ್ಗಿ ಕೆಂಪು ಚಾಕಿನಿಂದ ಕಿವಿಯಿಂದ ಗದ್ದದವರೆಗೆ ಎಳೆದ. ಕೆನ್ನೆ ಬಾಯಿ ಬಿಟ್ಟಿತು. ಬೀರಲಿಂಗ ಅಡ್ಡ ಹಿಡಿದ ತೋಳನ್ನು ಇನ್ನೊಂದು ಗೀರು ಸೀಳಿತು. ಸುತ್ತ ಮೊಬೈಲ್ ಎತ್ತಿದವರು ಹತ್ತು ಜನ ಇದ್ದರು. ಬಿಡಿಸಲು ಯಾರೂ ಮುಂದೆ ಬರಲಿಲ್ಲ. ಮೂರನೆಯ ಸಲ ಹೊನ್ನೇಶನ ಕೈ ಎದ್ದದ್ದು ಗಂಟಲಿಗೆ.

ಗಂಡನ ಚಾಕು ನನ್ನ ಕಾಲ ಹತ್ತಿರ ಬಿದ್ದಿತ್ತು. ಎತ್ತಿ ಬಿಚ್ಚಿದೆ. ಹಿಡಿಕೆ ಮಗನ ರಕ್ತದಿಂದ ಜಾರುತ್ತಿತ್ತು. ಹೆಬ್ಬೆರಳು ತಾನೇ ಹೋಗಿ ಕುಳಿಯಲ್ಲಿ ಕೂತಿತು. ಬುಡ ಚಿವುಟಿ ಹಿಡಿದು ಹೊನ್ನೇಶನ ಹಿಂದಿನಿಂದ ಎಡಗಡೆಗೆ, ಪಕ್ಕೆಲುಬು ಮುಗಿದಲ್ಲಿ, ಉಗುರಿನಷ್ಟು ಆಳ ಚುಚ್ಚಿ ನಿಲ್ಲಿಸಿದೆ. ಅವನು ಹೂಂಕರಿಸಿ ಹಾಗೇ ನಿಂತುಬಿಟ್ಟ. ಅವನ ಉಸಿರು ಅಲಗಿನ ಮೂಲಕ ನನ್ನ ಬೆರಳಿಗೆ ತಾಗುತ್ತಿತ್ತು.

"ಅಲುಗಾಡಬ್ಯಾಡ ಹೊನ್ನೇಶ," ಎಂದೆ. "ಎಷ್ಟೋ ಕುರಿ ಚುಚ್ಚೇನಿ ನಾ. ಎಷ್ಟ ಒಳಗ ಹೋದ್ರ ಬದಕತಾವ, ಎಷ್ಟ ಹೋದ್ರ ಸಾಯ್ತಾವ, ಈ ಕೈಗೆ ಗೊತ್ತೈತಿ."

"ಯವ್ವಾ... ಬಿಡ ಯವ್ವಾ..."

"ಈಗ ಯವ್ವ ಆದ್ನ್ಯಾ ನಾ? ಚಾಕು ನೆಲಕ್ಕಿಡು. ಒಗಿಬ್ಯಾಡ. ಇಡು."

ಇಟ್ಟ. ಆದರೂ ನಾನು ಕೈ ಬಿಡಲಿಲ್ಲ. ಅಂಗಿಯ ಮೇಲೆ ರಕ್ತ ಅಂಗೈಯಗಲ ಹರಡಿತು. ಇನ್ನೊಂದು ಬೆರಳಷ್ಟು ಒತ್ತಿದರೆ ಮುಗಿಯುತ್ತದೆ ಎಂದು ಕೈ ಹೇಳುತ್ತಿತ್ತು. ಕನಕರಾಜನ ಕಣ್ಣಿನ ಗುಳಿ ನೆನಪಾಗುತ್ತಿತ್ತು. ಕೆಳಗೆ ಬೀರಲಿಂಗ ಕೆನ್ನೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. "ಬ್ಯಾಡ ಯವ್ವಾ," ಎಂದ. ಸೀಳಿದ ಕೆನ್ನೆಯಿಂದ ಮಾತಿನ ಜೊತೆ ರಕ್ತ ಬಂತು. ಕೊಲ್ಲಲು ಬಂದವನು ಅವನು, ಬೇಡ ಎಂದವನೂ ಅವನೇ. ನಾನು ಚಾಕು ಹಿಂದಕ್ಕೆಳೆದೆ.

ಅದೇ ಗದಗಿನ ಆಸ್ಪತ್ರೆ. ಎರಡು ಬೆರಳು ತೆಗೆದರು. ಕೆನ್ನೆಗೆ ಇಪ್ಪತ್ತೆರಡು ಹೊಲಿಗೆ. ಮತ್ತೆ ಎರಡೂ ಕಡೆ ದೂರು. ಈ ಸಲ ನನ್ನ ಹೆಸರೂ ಸೇರಿತು, ಎಲ್ಲರಿಗೂ ಜಾಮೀನು ಸಿಕ್ಕಿತು. ಕೆಂಪು ಚಾಕನ್ನು ಪೊಲೀಸರು ಒಯ್ದರು. ಗಂಡನದನ್ನು ನಾನು ಆಗಲೇ ಸಂಚಿಗೆ ಸೇರಿಸಿದ್ದೆ. ಯಾರೂ ಕೇಳಲಿಲ್ಲ. ಹೊನ್ನೇಶನ ಗಾಯಕ್ಕೆ ಎರಡೇ ಹೊಲಿಗೆ ಸಾಕಾದವು.

ಪಟ್ಟಿ ಬಿಚ್ಚಿದ ದಿನ ಬೀರಲಿಂಗ ಕೈ ತಿರುಗಿಸಿ ನೋಡಿಕೊಂಡು ಕೇಳಿದ, "ಆ ಮೊಳಿ ಸಡಲ ಇದ್ದದ್ದು ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಗೊತ್ತಿದ್ದ ಕೊಟ್ಟಿ?"

"ಗೊತ್ತಿದ್ದನ ಕೊಟ್ಟೆ."

ಅವತ್ತಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ರೊಟ್ಟಿ ಭಾಗ್ಯಾ ಹಾಕಿದರೆ ಉಣ್ಣುತ್ತಿದ್ದ. ನಾನು ಹಾಕಿದ್ದು ಹಾಗೇ ಉಳಿಯುತ್ತಿತ್ತು. ನಾಲ್ಕು ತಿಂಗಳು ಕಳೆದವು. ಮಗ ಜೈಲಿಗೆ ಹೋಗಿರಲಿಲ್ಲ, ಮಸಣಕ್ಕೂ ಹೋಗಿರಲಿಲ್ಲ. ಕಣ್ಣ ಮುಂದೆಯೇ ಇದ್ದ, ಆದರೂ ನನ್ನವನಾಗಿರಲಿಲ್ಲ. ನಾನು ಕಾದೆ. ಕಾಯುವುದು ಬಿಟ್ಟರೆ ಬೇರೆ ಕೆಲಸ ನನಗೆ ಬರುವುದಿಲ್ಲ.

ಶಿರಹಟ್ಟಿ ಕಡೆ ಹಿಂಡು ಹೊಡೆದುಕೊಂಡು ಹೋಗುವಾಗ ಮೊದಲ ಮಳೆಯ ಹಸಿಗೆ ಒಂದು ಕುರಿ ಉಬ್ಬಿ ಬಿತ್ತು. ಒಕ್ಕಣ್ಣಿನ ಕನಕರಾಜ ಹಿಂಡಿನ ಮುಂದಿದ್ದ, ಕೂಗಿಗೂ ಸಿಗದಷ್ಟು ದೂರ. ಬೀರಲಿಂಗ ಜೇಬು ತಡಕಿದ. ಕೆಂಪು ಚಾಕು ಹೋದ ಮೇಲೆ ಅವನ ಬಳಿ ಚಾಕು ಇರಲೇ ಇಲ್ಲ. ಕುರಿಯ ನಾಲಗೆ ಹೊರಗೆ ಬಂದಿತ್ತು. ನಾನು ಸಂಚಿ ಬಿಚ್ಚಿ ಚಾಕನ್ನು ನೆಲದ ಮೇಲಿಟ್ಟು ಹಿಂದೆ ಸರಿದೆ.

ಅವನು ಚಾಕನ್ನು ನೋಡಿದ. ನನ್ನನ್ನು ನೋಡಿದ. ಎತ್ತಿಕೊಂಡ.

ಈ ಸಲ ಮುಷ್ಟಿ ಕಟ್ಟಲು ಬೆರಳೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳಿನಿಂದ ಬುಡ ಚಿವುಟಿದ. ಅಲಗು ಮಿಸುಕಲಿಲ್ಲ. ಹೆಬ್ಬೆರಳನ್ನು ತುಸು ಮೇಲೆ ಸರಿಸಿದ. ಅವರಪ್ಪನ ಕುಳಿ ಅವನಿಗೆ ಸ್ವಲ್ಪ ದೊಡ್ಡದಾಗುತ್ತಿತ್ತು. ಚುಚ್ಚಿದ. ಹೊರಳಿಸಿ ಹಿಡಿದ. ಗಾಳಿ ಸುಯ್ಯೆಂದಿತು. ಅದು ಪೂರ್ತಿ ನಿಲ್ಲುವವರೆಗೆ ಕೈ ಬಿಡಲಿಲ್ಲ.

ಕುರಿ ಎದ್ದಿತು. ಅವನು ಅಲಗನ್ನು ಧೋತರಕ್ಕೆ ಒರೆಸಿದ.

"ಇಲ್ಲಿಂದ ಲಕ್ಷ್ಮೇಶ್ವರ ದೂರಿಲ್ಲ," ಎಂದೆ ನಾನು. "ಸಕ್ರಪ್ಪನ ಮಗ ಈಗ ಕುಲಮಿ ಹಚ್ಚತಾನಂತ. ಬಿಗಿ ಮಾಡಿಸಿಕೊಂಡು ಬರೋಣೇನು?"

ಅವನು ಬಹಳ ಹೊತ್ತು ಚಾಕನ್ನು ಬಿಚ್ಚುತ್ತ ಮಡಚುತ್ತ ನಿಂತ. ಕೆನ್ನೆಯ ಗಾಯದ ಗೆರೆ ಎಳೆದಂತಾಗಿ ಬಾಯಿ ಸೊಟ್ಟಗಾಯಿತು.

"ಬ್ಯಾಡ," ಎಂದ. "ನಡಿ, ಹಿಂಡು ಮುಂದ ಹೋತು."

ಚಾಕನ್ನು ತನ್ನ ಜೇಬಿಗೆ ಹಾಕಿಕೊಂಡ. ಅಂದಿನಿಂದ ಅಡಿಕೆಯನ್ನು ನಾನು ಕಲ್ಲಿನಿಂದ ಕುಟ್ಟಿಕೊಳ್ಳುತ್ತೇನೆ.