ಮೆಂಬರ್ ಸಾಹೇಬರ ಕರಿಹಲಗೆ

ಮುರುಗೆಪ್ಪನವರಿಗೆ ನಡೆಯುತ್ತ ಮಾತನಾಡಲು ಬರುತ್ತಿರಲಿಲ್ಲ. ಮಾತು ಬಂತೆಂದರೆ ಕಾಲು ನಿಂತೇ ಬಿಡುತ್ತಿತ್ತು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಬಲಗೈಯ ತೋರುಬೆರಳನ್ನು ಎದುರಿಗಿದ್ದವರ ಅಂಗಿಯ ಗುಂಡಿಯ ಮೇಲೆ ಊರಿ, ವಾಕ್ಯ ಮುಗಿಯುವ ತನಕ ಒಂದು ಹೆಜ್ಜೆಯನ್ನೂ ಕಿತ್ತಿಡುತ್ತಿರಲಿಲ್ಲ. ಅವರ ವಾಕ್ಯಗಳೋ ಸುಲಭಕ್ಕೆ ಮುಗಿಯುವ ಪೈಕಿಯವಲ್ಲ. ಮುಂಬಯಿ ಪ್ರಾಂತದ ವಿಧಾನಸಭೆಯ ಅಧಿವೇಶನ ಮುಗಿಸಿ ಪುಣೆಯ ಗಾಡಿಯಿಂದ ಹುಬ್ಬಳ್ಳಿಯಲ್ಲಿ ಇಳಿದರೆ, ಸ್ಟೇಷನ್ನಿನ ಬಾಗಿಲಲ್ಲೇ ಸ್ಪೇನಿನ ಕದನ ಆರಂಭವಾಗಿ, ಕೇಶ್ವಾಪುರ ದಾಟುವಾಗ ಚೀನಾದ ಗೋಳಿಗೆ ಬಂದು, ಗೋಪನಕೊಪ್ಪದ ಮನೆ ಮುಟ್ಟುವ ಹೊತ್ತಿಗೆ ತಾಟಿನೊಳಗಿನ ರೊಟ್ಟಿ ತಣ್ಣಗಾಗಿರುತ್ತಿತ್ತು.

"ಸಾಹೇಬ್ರ ಜೋಡಿ ನಡಿಯೂದಂದ್ರ, ನಿಂದರೂದ್ರಿ," ಎಂದು ದರ್ಜಿ ಗೌಸಮೊದ್ದೀನ ಊರಿಗೆಲ್ಲ ಸಾರಿದ್ದ. ಸಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತು ಬಾರಾಖಡಿ ತಿದ್ದಿದ ಗೆಳೆಯ ಅವನು. ಮೂವತ್ತೇಳರ ಚುನಾವಣೆಯಲ್ಲಿ ಗೆಳೆಯ ಗೆದ್ದ ದಿನದಿಂದ 'ಮುರುಗಣ್ಣ' ಎಂಬ ಹೆಸರನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಬಾಯ್ತುಂಬ 'ಸಾಹೇಬ್ರ' ಎನ್ನತೊಡಗಿದ್ದ. ಆ ಗೌರವದಲ್ಲಿ ಚೇಷ್ಟೆ ಎಷ್ಟು, ಅಭಿಮಾನ ಎಷ್ಟು ಎಂಬುದು ಅವನಿಗೂ ತಿಳಿದಿರಲಿಕ್ಕಿಲ್ಲ.

ಸಾಹೇಬರ ಖಾದಿಯ ಮುಚ್ಚುಗೊರಳಿನ ಕೋಟನ್ನು ಹೊಲಿದವನೂ ಅವನೇ. ಅದರ ಬಲಕಿಸೆಯಲ್ಲಿ ನಾಲ್ಕು ಮಡಿಕೆಯ ವರ್ತಮಾನಪತ್ರ, ಎಡಕಿಸೆಯಲ್ಲಿ ಹಲಗೆಯ ಮೇಲೆ ಬರೆಯುವ ಬಿಳಿ ಖಡು. ಆ ಖಡುವಿನ ಧೂಳಿನಿಂದ ಎಡಮಗ್ಗುಲು ಸದಾ ಬೆಳ್ಳಗೆ. ಒಮ್ಮೆ ಸಭೆಯಲ್ಲಿ ನೀರಾವರಿಯ ಮೇಲೆ ಮಾತನಾಡುತ್ತ ಆವೇಶ ಬಂದು ಕಿಸೆಗೆ ಕೈಹಾಕಿ ಖಡು ತೆಗೆದರಂತೆ, ಬರೆಯಲು ಎದುರಿಗೆ ಹಲಗೆಯೇ ಸಿಗದೆ ಸಭಾಪತಿಗಳತ್ತ ನೋಡಿದರಂತೆ.

ಅವರ ಕರಿಹಲಗೆ ಮೊದಲು ಅವರದೇ ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿ ದಿನದ ಧಾರಣೆ ಬರೆಯಲು ಇದ್ದದ್ದು. ಮೆಂಬರಾದ ಮೇಲೆ ಅದು ಮನೆಯ ಕಟ್ಟೆಯ ಗೋಡೆಗೆ ಬಂತು. ಪ್ರತಿ ಆದಿತ್ಯವಾರ ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಅದರ ನಡುವೆ ಒಂದು ಗೆರೆ ಎಳೆದು, ಮೇಲೆ 'ಊರ ಸುದ್ದಿ', ಕೆಳಗೆ 'ಜಗದ ಸುದ್ದಿ' ಎಂದು ಮುತ್ತಿನಂಥ ಅಕ್ಷರಗಳಲ್ಲಿ ಬರೆಯುವರು. ಊರು ಮೇಲೇಕೆ, ಜಗತ್ತು ಕೆಳಗೇಕೆ ಎಂದು ಸಾಲಿಮಾಸ್ತರರೊಬ್ಬರು ಕೇಳಿದ್ದಕ್ಕೆ, "ಮಾಸ್ತರ, ಮೊದಲ ನಮ್ಮ ಅಂಗಳದ ಕಸಾ ಹೊಡೀಬೇಕು, ಆಮ್ಯಾಲ ಓಣೀದು," ಎಂದರು.

ಬಾವಿಗೆ ಹೋಗುವ ಹೆಂಗಸರೂ ಕೊಡ ಇಳಿಸಿ ನಿಲ್ಲುತ್ತಿದ್ದರು. ಸಾಹೇಬರು ಬರೆದದ್ದನ್ನು ಓದಿ ಹೇಳಿ, ಎರಡನ್ನೂ ಒಂದೇ ದಾರಕ್ಕೆ ಪೋಣಿಸುವರು. "ಇದರ ಮರ್ಮ ಏನಪಾ ಅಂದ್ರ," ಎಂದು ಬೆರಳೆತ್ತಿದರೆ ಮುಗಿಯಿತು: "ಸ್ಪೇನಿನೊಳಗ ಅಣ್ಣತಮ್ಮರು ಬಡದಾಡಾಕತ್ತಾರ. ಇಲ್ಲೆ ಬಾವಿ ಹಗ್ಗದ ಸಲುವಾಗಿ ಎರಡು ಮನಿಯವರು ಮಾರಿ ತಿರುವ್ಯಾರ. ಹಗ್ಗ ಸಣ್ಣದು, ಹಟ ಅಷ್ಟ ದೊಡ್ಡದು!" ಜನ ನಗುತ್ತಿದ್ದರು, ಹಗ್ಗದವರು ಮರುದಿನ ಒಂದಾಗುತ್ತಿದ್ದರು. ಹೀಗಾಗಿ ತಮ್ಮ ಬರಹದಿಂದ ಲೋಕಕ್ಕೆ ಒಳಿತಲ್ಲದೆ ಮತ್ತೇನೂ ಆಗದೆಂಬ ನಂಬಿಕೆ ಮುರುಗೆಪ್ಪನವರಲ್ಲಿ ಬೇರುಬಿಟ್ಟಿತ್ತು.

ಮೂವತ್ತೆಂಟರ ದಸರೆಯ ಹಿಂದಿನ ವಾರ ಆ ನಂಬಿಕೆಗೆ ಪೆಟ್ಟು ಬಿತ್ತು. ಎದುರುಮನೆಯ ಶರಣವ್ವ ಗಂಡನಿಲ್ಲದ ಹೆಣ್ಣುಮಗಳು; ಮುರುಗೆಪ್ಪನವರನ್ನು ಅಣ್ಣ ಎಂದೇ ಕರೆಯುವಾಕೆ. ಮಗಳು ಬಾಳವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಚುರುಕು ಹುಡುಗಿ. ನೆರೆಯ ಸುಳ್ಳ ಗ್ರಾಮದ ಹಿರಿಯ ಶಾಂತಯ್ಯನವರ ಮೊಮ್ಮಗನಿಗೆ ಅವಳನ್ನು ಕೊಡುವ ಮಾತು ನಡೆದಿದೆಯೆಂದೂ, ದಸರೆಯ ದಿನ ಅವರು ಬರುವರೆಂದೂ ಶರಣವ್ವ ಗುಟ್ಟಾಗಿ ಹೇಳಿದ್ದಳು. ಗಂಡಿನ ಕಡೆಯ ಹಿರಿಯರು ಬಂದು, ಹೆಣ್ಣಿನ ಉಡಿ ತುಂಬಿ, ಸಕ್ಕರೆ ಹಂಚುವ ತನಕ ಅಂಥ ಮಾತು ಹೊಸ್ತಿಲು ದಾಟಬಾರದು. ಸುದ್ದಿಯನ್ನು ಹೇಳುವ ಹಕ್ಕು ಸಕ್ಕರೆ ತಂದವರದು. ಇದು ಮುರುಗೆಪ್ಪನವರಿಗೆ ತಿಳಿಯದ್ದಲ್ಲ. ಆದರೆ ಆದಿತ್ಯವಾರ ಖಡು ಕೈಗೆ ಬಂದಾಗ ಆನಂದ ತಡೆಯಲಿಲ್ಲ. 'ನಮ್ಮ ಬಾಳವ್ವನ ಲಗ್ನ ಸುಳ್ಳದ ಶಾಂತಯ್ಯನವರ ಮೊಮ್ಮಗನೊಡನೆ ನಿಶ್ಚಯವಾಯಿತು' ಎಂದು ಊರ ಸುದ್ದಿಯ ನೆತ್ತಿಯ ಮೇಲೆಯೇ ಬರೆದುಬಿಟ್ಟರು. ಸಂತೆಗೆ ಬಂದ ಸುಳ್ಳದ ಬಂಡಿಯವನೊಬ್ಬ ಅದನ್ನು ಓದಿಸಿಕೊಂಡು ಹೋದ.

ಬುಧವಾರ ಶರಣವ್ವ ಸೆರಗಿನಿಂದ ಕಣ್ಣೊರೆಸುತ್ತ ಬಂದಳು. "ಏನ್ ಮಾಡಿದ್ರಿ ಅಣ್ಣಾ! ಲಗ್ನಾ ಮೆಂಬರ್ರ ಮಾಡಿ ಮುಗಿಸ್ಯಾರ, ಇನ್ನ ನಮ್ಮದೇನ ಕೆಲಸ ಅಂತ ಸುಳ್ಳದ ಅಜ್ಜಾರು ಹೇಳಿ ಕಳಿಸ್ಯಾರ. ದಸರಿಗೆ ಬರೂದಿಲ್ಲಂತ."

"ಮುದುಕ ಹಟಮಾರಿ ಅದಾನವಾ. ಸುದ್ದಿ ಸುಳ್ಳೇನಲ್ಲಲ್ಲ? ತಾನ ತಣ್ಣಗಾಗ್ತಾನ," ಎಂದು ಸಾಹೇಬರು ಸಮಾಧಾನ ಹೇಳಿದರು. ಮುದುಕ ತಣ್ಣಗಾಗಲಿಲ್ಲ.

ಶನಿವಾರದ ಪತ್ರಿಕೆ ಮ್ಯೂನಿಕ್ಕಿನ ಒಪ್ಪಂದವನ್ನು ಹೊತ್ತು ತಂದಿತು. ದೊಡ್ಡ ರಾಷ್ಟ್ರಗಳು ನಾಲ್ಕು ಒಂದೆಡೆ ಕೂತು, ಪುಟ್ಟ ಚೆಕ್ ದೇಶವನ್ನು ಕೋಣೆಯ ಹೊರಗಿಟ್ಟು, ಅದರ ಗಡಿಯನ್ನು ಕತ್ತರಿಸಿ ಸಹಿ ಹಾಕಿದ್ದವು. ಮುರುಗೆಪ್ಪನವರು ಕಟ್ಟೆಯ ಮೇಲೆ ಕೆಂಡವಾದರು. "ಅನ್ಯಾಯ! ಅವರ ಮನಿ, ಅವರ ಹೊಲ, ಅವರನ್ನ ಒಂದ ಮಾತು ಕೇಳಬಾರದೇನು? ಕೇಳದ ಮತ್ತೊಬ್ಬರ ಹಣೇಬರಾ ಬರಿಯಾಕ ಇವರ್ಯಾರು?"

ಗೌಸಮೊದ್ದೀನ ಕೋಟಿನ ಹರಿದ ಕಿಸೆಗೆ ಹೊಲಿಗೆ ಹಾಕುತ್ತಿದ್ದವನು ಸೂಜಿ ನಿಲ್ಲಿಸಿದ. ಒಂದೂವರೆ ವರ್ಷದ ಮೇಲೆ ಪೆಟ್ಟಿಗೆಯ ಕೀಲಿ ತೆಗೆದ.

"ಮುರುಗಣ್ಣ, ನೀ ಬಾಳವ್ವನ್ನ ಕೇಳಿ ಬರದಿದ್ದೇನು?"

ಮುರುಗೆಪ್ಪನವರು ಎತ್ತಿದ ಬೆರಳನ್ನು ಇಳಿಸಿದರು. ಜಗತ್ತಿನ ತಪ್ಪುಗಳನ್ನು ಇಷ್ಟು ವರ್ಷ ಎಣಿಸಿದ ಮನುಷ್ಯ ಆವೊತ್ತು ಮೊದಲ ಸಲ ಗೆರೆಯ ಮೇಲಿನ ಭಾಗವನ್ನು ಓದಿದಂತಿತ್ತು. ಅವರು ಎದ್ದು ನೇರವಾಗಿ ಎದುರುಮನೆಗೆ ಹೋದರು.

"ಖರೇ ಹೇಳವಾ ಬಾಳವ್ವ. ಆ ಹುಡುಗ ನಿನ್ನ ಮನಸ್ಸಿಗೆ ಬಂದಾನೇನು?"

ಹುಡುಗಿ ತಲೆ ತಗ್ಗಿಸಿದಳು; ನಾಲಗೆಯನ್ನೇನೂ ತಗ್ಗಿಸಲಿಲ್ಲ. "ಬಂದಾನ್ರಿ ಕಾಕಾ. ನನಗ ಅಂವ ಬೇಕಂದಿದ್ದೆ. ಹಲಗಿ ಮ್ಯಾಲ ಬೇಕಂದಿದ್ದಿಲ್ಲ."

ಮರುದಿನ ಆದಿತ್ಯವಾರ. ಹಲಗೆ ಖಾಲಿ. ಹೊತ್ತು ಹುಟ್ಟುವ ಮೊದಲೇ ಮುರುಗೆಪ್ಪನವರು ಸುಳ್ಳದ ಹಾದಿ ಹಿಡಿದಿದ್ದರು. ತಪ್ಪು ಮಾಡಿದವನು ಕುದುರೆಗಾಡಿಯಲ್ಲಿ ಹೋಗಬಾರದೆಂದು ಕಾಲುನಡಿಗೆ. ಜೊತೆಗೆ ಗೌಸಮೊದ್ದೀನ. ಎರೆಹೊಲಗಳ ನಡುವಿನ ಏಳೆಂಟು ಮೈಲಿ ದಾರಿಯಲ್ಲಿ ಸಾಹೇಬರು ಒಮ್ಮೆಯೂ ನಿಲ್ಲಲಿಲ್ಲ. "ಒಂದ ಮಾತಿಲ್ಲ, ಬರೇ ನಡಿಗಿ. ನನಗ ಅಂಜಿಕಿ ಬಂತ್ರಿ," ಎಂದು ದರ್ಜಿ ಆಮೇಲೆ ಹೇಳುತ್ತಿದ್ದ.

ಶಾಂತಯ್ಯನವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. "ಬರ್ರಿ ಮೆಂಬರ್ರ. ಕೂಸಿಗೆ ಹೆಸರಿಟ್ಟಿದ್ದೂ ಬರದ ಬಂದೀರೇನು?"

ಒಂದು ತಾಸಿನ ಭಾಷಣಕ್ಕೆ ಸಾಕಾಗುವ ವಿಷಯವಿತ್ತು. ಮುರುಗೆಪ್ಪನವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ತಪ್ಪಾತ್ರಿ ಅಜ್ಜಾರ. ನೀವು ಆಡೂ ಮಾತು ನಾ ಆಡಿದೆ. ಹುಡುಗೀದು ಏನೂ ತಪ್ಪಿಲ್ಲ." ಅವರ ಆಯುಷ್ಯದ ಅತಿ ಚಿಕ್ಕ ಭಾಷಣ ಅದು.

ಶಾಂತಯ್ಯನವರು ಅವರ ಧೂಳು ಹತ್ತಿದ ಕಾಲುಗಳನ್ನು ನೋಡಿದರು. ಆಮೇಲೆ ಒಳಗೆ ಕೂಗಿ ನೀರು ತರಿಸಿದರು. "ಊರ ಮುಂದ ಬರದೀರಿ, ಊರ ಮುಂದನ ಒರಸ್ರಿ. ಆಮ್ಯಾಲ ನೋಡೂಣು."

ಬರುವಾಗ ಸಾಹೇಬರು ಹತ್ತು ಹೆಜ್ಜೆಗೊಮ್ಮೆ ನಿಂತರು. ಯುರೋಪು ಸುಳ್ಳದಿಂದ ಗೋಪನಕೊಪ್ಪದ ತನಕ ಹಬ್ಬಿತು. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಕಟ್ಟೆಯ ಮುಂದೆ ಜನರನ್ನು ಕೂಡಿಸಿ, ಊರ ಸುದ್ದಿಯ ಕೆಳಗೆ ಬರೆದರು: 'ಹೋದ ವಾರ ನಾನು ಹಿರಿಯರನ್ನು ಕೇಳದೆ ಸುದ್ದಿ ಬರೆದೆ. ತಪ್ಪು ನನ್ನದು. ಮುರುಗೆಪ್ಪ.' ಜಗದ ಸುದ್ದಿಯ ಕೆಳಗೆ: 'ಮ್ಯೂನಿಕ್ಕಿನಲ್ಲೂ ಹೀಗೆಯೇ ಆಗಿದೆ. ಅಲ್ಲಿ ಯಾರೂ ತಪ್ಪು ಒಪ್ಪಿಕೊಂಡಿಲ್ಲ.'

ಮರುದಿನ ದಸರೆ. ಮಧ್ಯಾಹ್ನ ಸರಿದರೂ ಸುಳ್ಳದ ಹಾದಿಯಲ್ಲಿ ಧೂಳೇಳಲಿಲ್ಲ. ಶರಣವ್ವ ಬಾಗಿಲಿಗೂ ಒಲೆಗೂ ತಿರುಗಿ ಸೋತಳು, ಸಾಹೇಬರು ಹೋಳಿಗೆಯ ತಾಟು ಬಿಟ್ಟು ಕಟ್ಟೆಗೆ ಬಂದು ಕೂತರು. ಇಳಿಹೊತ್ತಿಗೆ ಎತ್ತುಗಳ ಕೊರಳ ಗಂಟೆಯ ಸದ್ದು. ಶಾಂತಯ್ಯನವರ ಬಂಡಿ ಮೊದಲು ನಿಂತದ್ದು ಕರಿಹಲಗೆಯ ಎದುರಿಗೆ. ಮೊಮ್ಮಗನಿಂದ ಓದಿಸಿ, ಕೇಳಿ, ತಲೆಯಾಡಿಸಿ, ಮುರುಗೆಪ್ಪನವರ ಕೈಗೆ ಬನ್ನಿಯ ಎಲೆ ಇಟ್ಟರು. "ಬನ್ನಿ ತಗೊಂಡು ಬಂಗಾರಧಾಂಗ ಇರೂಣ್ರಿ ಮೆಂಬರ್ರ." ಸಾಹೇಬರ ಕಣ್ಣು ತುಂಬಿ ಬಂತು.

ಉಡಿ ತುಂಬಿತು, ಸಕ್ಕರೆ ಓಣಿಯ ಬಾಯಿಗೆಲ್ಲ ಬಿತ್ತು. ಆಗ ಮುರುಗೆಪ್ಪನವರು ಕಿಸೆಯಲ್ಲಿ ಕೈಯಿಟ್ಟು, ಸಂಕೋಚದಿಂದ ಬಾಳವ್ವನನ್ನು ಕೇಳಿದರು: "ಈಗ ಬರೀಲೇನವಾ?"

"ಆ ಖಡು ಇತ್ತ ಕೊಡ್ರಿ ಕಾಕಾ," ಎಂದಳು ಬಾಳವ್ವ. ಹಸಿರು ಬಳೆಯ ಕೈಯಿಂದ ತನ್ನ ಸುದ್ದಿಯನ್ನು ತಾನೇ ಬರೆದಳು. ಅಂದಿನಿಂದ 'ಮರ್ಮ ಏನಪಾ' ಎಂಬುದರ ಜೊತೆಗೆ 'ಬರೀಲೇನು?' ಎಂಬ ಇನ್ನೊಂದು ಮಾತೂ ಸಾಹೇಬರ ನಾಲಗೆಗೆ ಅಂಟಿತು. ಎಮ್ಮೆ ಕರು ಹಾಕಿದರೂ ಕೇಳದೆ ಬರೆಯಲಿಲ್ಲ.

ಜಗತ್ತಿನ ಚಿಂತೆಯನ್ನು ಹೆಗಲಿಗೆ ಹಾಕಿಕೊಂಡವರು ಊರಿಗೊಬ್ಬಿಬ್ಬರು ಇದ್ದೇ ಇರುತ್ತಾರೆ. ದೂರದ ಅನ್ಯಾಯ ಅವರಿಗೆ ನಿಚ್ಚಳವಾಗಿ ಕಾಣುತ್ತದೆ. ತಮ್ಮ ಕೈಗೆ ಹತ್ತಿದ ಬಿಳಿ ಧೂಳು ಕಾಣುವುದು ಅಪರೂಪ. ಆ ಅಪರೂಪದ ಕೆಲವರು ಲೋಕವನ್ನು ಓದುತ್ತ ಓದುತ್ತ ತಮ್ಮನ್ನೂ ಓದಿಕೊಳ್ಳುತ್ತಾರೆ, ಒಂದು ತಪ್ಪಿಗಾಗಿ ಬಾಯಿ ಮುಚ್ಚಿ ಏಳೆಂಟು ಮೈಲಿ ನಡೆಯುತ್ತಾರೆ. ಅಂಥವರು ಹಾದಿಯಲ್ಲಿ ತಡೆದು ಗುಂಡಿಯ ಮೇಲೆ ಬೆರಳಿಟ್ಟರೆ, ರೊಟ್ಟಿ ತಣ್ಣಗಾದರೂ ಸರಿ, ನಿಂತು ಕೇಳಬೇಕು.